ಅಂಟುವಾಳದ ನಾದಿನಿ

ನನ್ನ ನಾದಿನಿ ಊರಿಗೆ ಬರುತ್ತಾರೆಂಬ ಸುದ್ದಿ ಸಿಕ್ಕಿದರೆ ನಾನು ಮಾಡುತ್ತಿದ್ದ ಮೊದಲ ಕೆಲಸ, ಓಡಿಹೋಗಿ ತಲೆಗೆ ಸ್ನಾನ ಮಾಡಿಕೊಂಡುಬಿಡುವುದು! ಅವರು ಬಂದ ಮೇಲೆ ನಮ್ಮ ಬಚ್ಚಲು ನಮ್ಮದಾಗಿ ಉಳಿಯುತ್ತಿರಲಿಲ್ಲ. ಬೇರೆಯವರ ನಾದಿನಿಯರು ತವರಿಗೆ ಬಂದರೆ ಅಡುಗೆಮನೆಯನ್ನು ವಶಪಡಿಸಿಕೊಳ್ಳುತ್ತಾರಂತೆ, ಸಾರಿಗೆ ಉಪ್ಪು ಹೆಚ್ಚಾಯಿತು ಹುಳಿ ಕಡಿಮೆಯಾಯಿತು ಎನ್ನುತ್ತಾರಂತೆ, ಅಮ್ಮನ ಕಿವಿಯಲ್ಲಿ ಏನೇನೋ ಊದುತ್ತಾರಂತೆ. ನನ್ನ ಪುಣ್ಯ, ನನ್ನ ನಾದಿನಿಗೆ ಇದ್ಯಾವುದಕ್ಕೂ ಪುರುಸೊತ್ತಿರಲಿಲ್ಲ. ಅವರಿಗೆ ಬೇಕಾಗಿದ್ದದ್ದು ನೊರೆ. ಬರೀ ನೊರೆ!

ಅವರು ನನ್ನ ಗಂಡನ ಅಕ್ಕ. ಗಂಡ ಅಕ್ಕ ಎನ್ನುತ್ತಿದ್ದುದರಿಂದ ನಾನೂ ಅಕ್ಕ ಎಂದೇ ಕರೆದೆ. ಗಂಡಸಿ ಹೋಬಳಿಯ ನಮ್ಮ ಹಳ್ಳಿಯಿಂದ ಹೊರಟು, ವಿಶ್ವವಿದ್ಯಾಲಯ ಸೇರಿ, ರಸಾಯನಶಾಸ್ತ್ರದಲ್ಲಿ ಡಾಕ್ಟರೇಟು ಪಡೆದು, ಅಲ್ಲೇ ಸಂಶೋಧನೆಗೆ ನಿಂತವರು. ಗಿಡಮರಗಳ ತೊಗಟೆ, ಬೇರು, ಕಾಯಿಗಳನ್ನು ಕುಟ್ಟಿ, ನೆನೆಸಿ, ಸೋಸಿ ಅವುಗಳೊಳಗಿನ ಸತ್ವವನ್ನು ಒಂದೊಂದಾಗಿ ಬಿಡಿಸುವುದು ಅವರ ಕೆಲಸ. ಜಗತ್ತಿನಲ್ಲಿ ಇಷ್ಟೊಂದು ಮರಗಳಿರುವಾಗ ಅವರು ಮನಸ್ಸು ಕೊಟ್ಟದ್ದು ಯಾವುದಕ್ಕೆ ಗೊತ್ತೇ? ಅಂಟುವಾಳಕ್ಕೆ! ರೇಷ್ಮೆ ಸೀರೆ ತೊಳೆಯುವ, ಬೆಳ್ಳಿ ದೀಪ ಉಜ್ಜುವ, ಅದೇ ಅಂಟುವಾಳಕಾಯಿ. ನಮ್ಮ ತೋಟದ ಬೇಲಿಯಲ್ಲಿ ಅದರ ಎರಡು ಮರಗಳಿದ್ದುವು. ತವರಿನ ಮೇಲೆ ಅವರಿಗೆ ಉಕ್ಕುತ್ತಿದ್ದ ಪ್ರೀತಿಗೆ ಆ ಮರಗಳೇ ಕಾರಣ ಎಂದು ನಾನು ಬಹಳ ವರ್ಷ ನಂಬಿದ್ದೆ.

ಬಂದ ದಿನವೇ ಬಚ್ಚಲ ಕಟ್ಟೆಯ ಮೇಲೆ ಸಾಲಾಗಿ ಬಾಟಲಿಗಳು. ಒಂದೊಂದರಲ್ಲಿ ಒಂದೊಂದು ಊರಿನ ಕಾಯಿ ನೆನೆಸಿದ ನೀರು. ಮಜ್ಜಿಗೆ ಕಡೆಯುವವರು ನಾಚಬೇಕು, ಹಾಗೆ ಬಾಟಲಿಯನ್ನು ಕುಲುಕಿ ಕಟ್ಟೆಯ ಮೇಲಿಟ್ಟು, ನಾನು ಶಾಲೆಯಲ್ಲಿ ಮಕ್ಕಳಿಗೆ ಗೆರೆ ಹಾಕಿಸುವ ಸ್ಕೇಲಿನಿಂದ ನೊರೆಯ ಎತ್ತರ ಅಳೆಯುತ್ತಿದ್ದರು. ನೊರೆ ತಾನಾಗಿ ಇಳಿಯುವವರೆಗೆ ಯಾರೂ ಬಾಗಿಲು ದಢಾರನೆ ಹಾಕಬಾರದು. ನೆಲ ಅದುರುವಂತೆ ನಡೆಯಬಾರದು. ನನ್ನ ಗಂಡ ಒಮ್ಮೆ ಸೀನಿದರು. ಒಳಗಿನಿಂದ "ಯಾವನೋ ಅವ್ನು!" ಎಂಬ ಗರ್ಜನೆ ಬಂತು. ಬೇಲೂರಿನ ಸರ್ಕಾರಿ ಕಚೇರಿಯಲ್ಲಿ ಹತ್ತು ಜನರ ಮೇಲೆ ಅಧಿಕಾರ ಮಾಡುವ ಮನುಷ್ಯ, ಎರಡನೆಯ ಸೀನನ್ನು ಮೂಗಿನಲ್ಲೇ ಅಮುಕಿಕೊಂಡು ತೋಟಕ್ಕೆ ಓಡಿಹೋದರು!

"ಊರ್ನೋರ್ ಮಕ್ಳು ಓದಿ ಆಫೀಸರ್ ಆಗವ್ರೆ, ಮೇಷ್ಟ್ರಾಗವ್ರೆ. ನನ್ ಮಗ್ಳು ಓದಿ ಓದಿ ನೊರೆ ಕಾಯ್ತಾ ಕುಂತವ್ಳೆ" ಎಂದು ನಮ್ಮ ಅತ್ತೆ ಜಗಲಿಯಿಂದಲೇ ಕೂಗಿ ಹೇಳುತ್ತಿದ್ದರು.

"ನಿಂಗ್ ಗೊತ್ತಾಗಲ್ಲ, ಸುಮ್ನಿರಮ್ಮ" ಎಂದು ಒಳಗಿನಿಂದ ಉತ್ತರ. ಅವರ ಮಾತು ಸಾಮಾನ್ಯವಾಗಿ ವಿಶ್ವವಿದ್ಯಾಲಯದ್ದು. ಸಿಟ್ಟು ಬಂದರೆ ಮಾತ್ರ ಸೀದಾ ಗಂಡಸಿ ಬಸ್‌ಸ್ಟ್ಯಾಂಡಿಗೆ ಬಂದು ಇಳಿಯುತ್ತಿತ್ತು.

ಮದುವೆಯಾದ ಹೊಸತರಲ್ಲಿ ಅವರು ನನ್ನನ್ನು ಬೇಲೂರು ಹಳೇಬೀಡು ತೋರಿಸುತ್ತೇನೆಂದು ಕರೆದುಕೊಂಡು ಹೋದರು. ಎಂಥ ಒಳ್ಳೆಯ ನಾದಿನಿ ಎಂದು ನಾನು ಹೊಸ ಸೀರೆ ಉಟ್ಟು ಹೊರಟೆ. ಬೇಲೂರಿನಲ್ಲಿ ಕೂದಲು ಹಿಂಡಿಕೊಳ್ಳುವ ಶಿಲಾಬಾಲಿಕೆಯ ಮುಂದೆ ಎಲ್ಲರೂ ಬಾಯಿ ತೆರೆದು ನಿಂತಿದ್ದಾಗ, ಇವರು ಗಂಭೀರವಾಗಿ ಕೇಳಿದರು: "ಇವಳು ಸೀಗೆ ಹಾಕ್ಕೊಂಡಿದ್ದಾಳೋ, ಅಂಟುವಾಳ ಹಾಕ್ಕೊಂಡಿದ್ದಾಳೋ? ನಂಗೇನೋ ಅಂಟುವಾಳ ಅನ್ನಿಸುತ್ತೆ. ಕೂದಲು ಎಷ್ಟು ಬಿಡಿಬಿಡಿಯಾಗಿದೆ ನೋಡು." ಪಕ್ಕದಲ್ಲಿದ್ದ ಗೈಡು ವಿವರಣೆ ನಿಲ್ಲಿಸಿ ಇವರನ್ನೇ ನೋಡತೊಡಗಿದ!

ಹಳೇಬೀಡಿನಲ್ಲಿ ಅಷ್ಟೂ ಆಗಲಿಲ್ಲ. ನಾನು ಆನೆಗಳ ಸಾಲು ಮುಗಿಸಿ ತಿರುಗಿ ನೋಡಿದರೆ ಇವರೇ ಇಲ್ಲ. ಹುಡುಕಿದೆ. ಸುತ್ತಿದೆ. ಕೊನೆಗೆ ಕೆರೆಯ ಕಡೆ ಯಾರದೋ ಹಿತ್ತಲಿನಿಂದ ಗಲಾಟೆ ಕೇಳಿಸಿತು. ಹೋಗಿ ನೋಡಿದರೆ ಕೆಳಗೆ ದೊಣ್ಣೆ ಹಿಡಿದ ಮನೆಯ ಯಜಮಾನ, ಮೇಲೆ ಅಂಟುವಾಳದ ಕೊಂಬೆಯಲ್ಲಿ ಡಾಕ್ಟರೇಟು ಪಡೆದ ನನ್ನ ನಾದಿನಿ!

"ಯಾರಮ್ಮ ನೀನು? ಇಳೀತೀಯೋ ಇಲ್ವೋ?"

"ಇಳೀತೀನಿ ಕಣ್ರೀ. ಅದಕ್ಮುಂಚೆ ಹೇಳಿ, ಈ ಮರದ ಕಾಯಿ ಕೈಗೆ ಉರಿ ಹತ್ತಿಸುತ್ತಾ?"

ಆ ಮನುಷ್ಯ ದೊಣ್ಣೆ ಇಳಿಸಿ ಯೋಚನೆ ಮಾಡಿದ. "ಹತ್ತುಸ್ತದೆ. ನಮ್ಮನೇಲಿ ಅದುಕ್ಕೇ ಮುಟ್ಟಲ್ಲ."

"ಹಾಗಾದ್ರೆ ನನಗೆ ಬೇಕಾಗಿರೋದು ಇದೇ!" ಎಂದು ಇವರು ಇನ್ನೂ ಮೇಲಿನ ಕೊಂಬೆಗೆ ಹತ್ತಿದರು. ನನ್ನ ಹೊಸ ಸೀರೆಯ ಸೆರಗಿನಲ್ಲಿ ಕಾಯಿ ಕಟ್ಟಿಸಿಕೊಂಡು ವಾಪಸು ಬಂದದ್ದು ನನ್ನ ಮೊದಲ ಪ್ರವಾಸ.

ಯಾಕಿಷ್ಟು ಒದ್ದಾಟ ಎಂದು ನಾನು ಒಂದು ದಿನ ಧೈರ್ಯ ಮಾಡಿ ಕೇಳಿದೆ. ಅವತ್ತು ನೊರೆ ಚೆನ್ನಾಗಿ ಬಂದಿತ್ತು, ಹಾಗಾಗಿ ಸಮಾಧಾನದಿಂದ ಹೇಳಿದರು. ದನಗಳಿಗೆ ಗಳಲೆ ರೋಗ ಬರುತ್ತದಲ್ಲ, ಅದರ ಲಸಿಕೆಗಾಗಿ. ಗಳಲೆ ಎಂದರೆ ನಮ್ಮ ಕಡೆ ಯಾರಿಗೂ ವಿವರಿಸಬೇಕಾಗಿಲ್ಲ. ಮುಂಗಾರು ಬಿದ್ದ ಹೊತ್ತಿಗೆ ಬರುತ್ತದೆ. ಗಂಟಲು ಊದಿಕೊಂಡು, ಉಸಿರು ಕಟ್ಟಿ, ಬೆಳಗ್ಗೆ ಮೇಯುತ್ತಿದ್ದ ಎತ್ತು ಸಂಜೆಗೆ ಇರುವುದಿಲ್ಲ. ಅದಕ್ಕೆ ಲಸಿಕೆ ಮೊದಲಿನಿಂದ ಇದೆ. ಆದರೆ ಅದರ ಬಲ ಬೇಗ ಇಳಿದುಹೋಗುತ್ತದೆ, ಮತ್ತೆ ಮತ್ತೆ ಚುಚ್ಚಬೇಕು.

"ಲಸಿಕೆ ಅಂದ್ರೆ ಸತ್ತ ರೋಗಾಣು ಕಣೇ. ಸತ್ತಿದ್ದನ್ನ ನೋಡಿ ಮೈ ಯಾಕೆ ಹೆದರುತ್ತೆ? ಮಲಗಿರೋ ಕಾವಲುಗಾರನ ಪಕ್ಕ ಕಳ್ಳನ ಹೆಣ ತಂದಿಟ್ಟ ಹಾಗೆ. ಅವನನ್ನ ಎಬ್ಬಿಸಿ ಹೆಣದ ಮುಖ ತೋರಿಸಬೇಕಾದ್ರೆ ಪಕ್ಕದಲ್ಲಿ ತಮಟೆ ಬಡೀಬೇಕು. ನೊರೆ ಬರಿಸುತ್ತಲ್ಲ ಅಂಟುವಾಳದ ಸತ್ವ, ಅದೇ ನನ್ನ ತಮಟೆ."

"ತಮಟೆ ಜೋರಾದ್ರೆ ಅಕ್ಕ?" ಎಂದೆ.

ಅವರು ಬಾಟಲಿ ಕೆಳಗಿಟ್ಟು ನನ್ನನ್ನು ನೋಡಿದರು. "ಅದೊಂದೇ ನನಗಿರೋ ಭಯ" ಎಂದರು.

ತೊಂಬತ್ತರ ದಶಕ ಮುಗಿಯುತ್ತಿತ್ತು. ಮೊಲಗಳ ಮೇಲೆ ಪರೀಕ್ಷೆಯಾಯಿತು, ವಿಶ್ವವಿದ್ಯಾಲಯದ ಕೊಟ್ಟಿಗೆಯ ಕರುಗಳ ಮೇಲೂ ಆಯಿತು. ಇನ್ನು ಹಳ್ಳಿಯ ದನಗಳ ಮೇಲೆ ನೋಡಬೇಕು. ಇಲಾಖೆಯ ಅನುಮತಿಯೂ ಸಿಕ್ಕಿತು. ಯಾವ ಹಳ್ಳಿ? ಇನ್ಯಾವುದು, ನಮ್ಮದೇ!

ಲಸಿಕೆ ತರುವ ದಿನ ನನ್ನನ್ನು ಅರಸೀಕೆರೆ ಸ್ಟೇಷನ್ನಿಗೆ ಬರಹೇಳಿದ್ದರು. ರೈಲು ತಡವಾಗಿ ಬಂತು. ಇವರು ಇಳಿದರು, ಎದೆಗೆ ಒಂದು ಐಸ್ ಡಬ್ಬಿ ಅವುಚಿಕೊಂಡು. ಮುಖ ಬಿಳಿಚಿತ್ತು. "ಐಸ್ ಕರಗಿದೆ. ಬಿಸಿಯಾದ್ರೆ ನನ್ನ ಎಷ್ಟೋ ವರ್ಷದ ಕೆಲಸ ನೀರು. ಐಸ್ ತಾ!" ಅರಸೀಕೆರೆಯ ಸುಡುಬಿಸಿಲಿನಲ್ಲಿ ನಾನು ಐಸ್ ಎಲ್ಲಿಂದ ತರಲಿ? ಓಡಿದೆ. ಬಸ್‌ಸ್ಟ್ಯಾಂಡಿನ ಪಕ್ಕ ಐಸ್ ಕ್ಯಾಂಡಿ ಮಾರುವವನೊಬ್ಬ ಸಿಕ್ಕಿದ. ಅವನ ಡಬ್ಬಿಯಲ್ಲಿದ್ದ ಕೆಂಪು, ಹಳದಿ, ಹಸಿರು ಕಡ್ಡಿಗಳನ್ನೆಲ್ಲ ಸೀರೆಯ ಮಡಿಲಿಗೆ ಸುರಿದುಕೊಂಡು ಬಂದೆ. ಗಳಲೆ ರೋಗದ ಲಸಿಕೆ ಆರೆಂಜ್ ಕ್ಯಾಂಡಿಗಳ ಮಧ್ಯೆ ಸುಖವಾಗಿ ಮಲಗಿತು!

ಬಸ್ಸಿನಲ್ಲಿ ಕಂಡಕ್ಟರು ಬಂದ. "ಡಬ್ಬ ಮ್ಯಾಲಿಡಿ ಮೇಡಂ. ಏನೈತೆ ಅದ್ರಾಗೆ?"

ಸುಳ್ಳು ಹೇಳಿ ಅಭ್ಯಾಸವಿಲ್ಲದ ನನ್ನ ನಾದಿನಿ ಸ್ಪಷ್ಟವಾಗಿ ಹೇಳಿದರು: "ರೋಗಾಣು."

ನಮ್ಮ ಅಕ್ಕಪಕ್ಕದ ಸೀಟುಗಳು ಖಾಲಿಯಾದ ವೇಗಕ್ಕೆ ನಾನೇ ಬೆರಗಾದೆ. ಕಂಡಕ್ಟರು ಬಾಗಿಲ ತನಕ ಹಿಂದೆ ಸರಿದು ಸೀಟಿ ಬಾಯಿಗಿಟ್ಟ.

"ಸತ್ತಿದೆ ಕಣ್ರೀ! ಸತ್ತ ರೋಗಾಣು!"

"ಸತ್ತಿರದೇ ಆಗ್ಲಿ, ಕೆರಳ್ಸಬ್ಯಾಡಿ! ಗಂಡಸಿ ಬರೋಗಂಟ ಮುಚ್ಚಳ ತೆಗೀಬ್ಯಾಡಿ!" ಎಂದು ದೂರದಿಂದಲೇ ಕೈಮುಗಿದ. ಅಷ್ಟು ಕಾಲು ಚಾಚಿ ಕೂತು ನಾನು ಯಾವತ್ತೂ ಆ ಬಸ್ಸಿನಲ್ಲಿ ಬಂದಿಲ್ಲ.

ಊರಿಗೆ ಬಂದು ಲಸಿಕೆಯನ್ನು ನಮ್ಮ ಫ್ರಿಜ್ಜಿಗೆ ಸೇರಿಸಿದ ಮೇಲೆ ಅಸಲು ಸಮಸ್ಯೆ ಶುರುವಾಯಿತು. ದನ ಕೊಡುವವರು ಯಾರು? ಪಕ್ಕದ ಮನೆಯ ಈರಣ್ಣ ಊರಿನ ಪರವಾಗಿ ಮಾತಾಡಿದ. "ಅಕ್ಕ, ಮೊದ್ಲು ನಿಮ್ಮನೆ ಹಸೀಗ್ ಚುಚ್ಚು. ಅದು ನೆಟ್ಟಗಿದ್ರೆ ನನ್ ಜೋಡೆತ್ತು ನಿಂದೇಯ."

ನ್ಯಾಯವಾದ ಮಾತೇ. ಆದರೆ ನಮ್ಮನೆ ಹಸು ಎಂದರೆ ಕೆಂಪಿ. ಕೆಂಪಿ ಎಂದರೆ ನಮ್ಮ ಅತ್ತೆಯ ಪ್ರಾಣ. ಮಾವ ಹೋದ ಮೇಲೆ ಅತ್ತೆ ಮನಸ್ಸು ಬಿಚ್ಚಿ ಮಾತಾಡುತ್ತಿದ್ದದ್ದು ಅದರ ಹತ್ತಿರ ಮಾತ್ರ. ನನ್ನ ಬಗ್ಗೆ ಇದ್ದ ದೂರುಗಳೂ ಮೊದಲು ಹೋಗುತ್ತಿದ್ದದ್ದು ಕೊಟ್ಟಿಗೆಗೇ. "ಊರೋರ್ಗೆಲ್ಲ ನನ್ ಕೆಂಪಿನೇ ಆಗ್ಬೇಕಾ?" ಎಂದು ಅತ್ತೆ ಕೂಗಾಡಿದರು. ಆಮೇಲೆ ತಾವೇ ಹೋಗಿ ಹಗ್ಗ ಬಿಚ್ಚಿ ತಂದು ಅಂಗಳದಲ್ಲಿ ನಿಲ್ಲಿಸಿದರು. ಗಂಡಸಿಯ ಪಶುವೈದ್ಯರು ಪಕ್ಕದಲ್ಲಿ ನಿಂತಿದ್ದರು. ನನ್ನ ನಾದಿನಿ ಕತ್ತಿನ ಚರ್ಮ ಹಿಡಿದೆತ್ತಿ ಸೂಜಿ ಚುಚ್ಚಿದರು. ಎಷ್ಟು ಚುರುಕು! ಕೆಂಪಿ ಕಿವಿ ಕೂಡ ಅಲ್ಲಾಡಿಸಲಿಲ್ಲ.

ಮರುದಿನ ಬೆಳಗ್ಗೆ ಅತ್ತೆ ಕೊಟ್ಟಿಗೆಯಿಂದ ಕೂಗಿದ ಕೂಗು ಈಗಲೂ ನನ್ನ ಕಿವಿಯಲ್ಲಿದೆ.

ಕೆಂಪಿಯ ಕತ್ತಿನಲ್ಲಿ ತೆಂಗಿನಕಾಯಿ ಗಾತ್ರದ ಊತ. ಮುಟ್ಟಿದರೆ ಸುಡುತ್ತಿತ್ತು. ಹುಲ್ಲು ಮೂಸಿಯೂ ನೋಡಿರಲಿಲ್ಲ. ನನ್ನ ನಾದಿನಿ ನಾಲಗೆ ನೋಡಿದರು, ಪಕ್ಕೆಗೆ ಕಿವಿಯಿಟ್ಟು ಉಸಿರು ಕೇಳಿದರು. "ಚುಚ್ಚಿದ ಜಾಗದ ಊತ ಅಷ್ಟೇ. ಇಳಿಯುತ್ತೆ" ಎಂದರು. ಎಲೆಯಡಿಕೆ ತಟ್ಟೆಯಿಂದ ಸುಣ್ಣ ತಂದು ಊತದ ಅಂಚಿಗೆ ಸರಿಯಾಗಿ ಸುತ್ತ ಗೆರೆ ಎಳೆದರು. ಊತ ಗೆರೆ ದಾಟಿದರೆ ಹಬ್ಬುತ್ತಿದೆ ಎಂದು ಅರ್ಥ, ದಾಟದಿದ್ದರೆ ಕ್ಷೇಮ. ಇದು ನನಗೆ ಹೇಳಿದ್ದರು. ಬೇಲಿಯಾಚೆಯಿಂದ ನೋಡುತ್ತಿದ್ದ ಈರಣ್ಣನಿಗೆ ಯಾರು ಹೇಳಬೇಕು?

"ಅಕ್ಕ ಏನೋ ದಿಗ್ಬಂಧನ ಹಾಕ್ತಾವ್ಳೆ ಕಣ್ಲಾ!" ಎಂದು ಅವನು ಬೀದಿಗೆ ಹೋಗಿ ಹೇಳಿದ. ಸ್ವಲ್ಪ ಹೊತ್ತಿಗೆ ನಮ್ಮ ಅಂಗಳ ತುಂಬಿತು.

ಬಂದವರಲ್ಲಿ ಯಾರೋ ಇನ್ನೊಂದು ಸುದ್ದಿ ತಂದಿದ್ದರು. ಕೆರೆಯಾಚೆಯ ಊರಿನಲ್ಲಿ ಗಳಲೆ ಬಿದ್ದಿದೆ. ನಿನ್ನೆಯೇ ಒಂದು ಎತ್ತು ಹೋಯಿತು. ಎಲ್ಲರ ಕಣ್ಣೂ ಮೊದಲು ಕೆಂಪಿಯ ಕತ್ತಿಗೆ, ಆಮೇಲೆ ನನ್ನ ನಾದಿನಿಯ ಕೈಗೆ ಹೋದುವು.

"ನಿನ್ನೆ ಚುಚ್ಚಿದ್ದು ಗಳಲೆ ಬೀಜನೇ ತಾನೆ?" ಎಂದ ಈರಣ್ಣ.

"ಸತ್ತ ಬೀಜ ಕಣೋ ಈರಣ್ಣ."

"ಸತ್ತೈತೆ ಅಂತ ಯಾರ್ ನೋಡವ್ರೆ?"

ನನ್ನ ನಾದಿನಿ ಬಗ್ಗಿ ಸುಣ್ಣದ ಗೆರೆಯನ್ನೇ ಮತ್ತೊಮ್ಮೆ ನೋಡತೊಡಗಿದರು. ಗಂಡನನ್ನು ಮೊಪೆಡ್ಡಿನಲ್ಲಿ ಪಶುವೈದ್ಯರನ್ನು ಕರೆತರಲು ಓಡಿಸಿದೆ. ವೈದ್ಯರು ಗಂಡಸಿಯಲ್ಲಿರಲಿಲ್ಲ, ಗಳಲೆ ಬಿದ್ದ ಊರಿಗೇ ಹೋಗಿದ್ದರು. ಗಂಡ ಅಲ್ಲಿಗೆ ಗಾಡಿ ತಿರುಗಿಸಿದರು. ಇತ್ತ ಊತ ಸುಣ್ಣದ ಗೆರೆಯನ್ನು ದಾಟಿತು. ಕೆಳಕ್ಕೆ, ಗಂಟಲ ಕಡೆಗೆ. ನಾದಿನಿ ಇನ್ನೊಂದು ಗೆರೆ ಎಳೆದರು. ಈ ಸಲ ಗೆರೆ ಸೊಟ್ಟಗಾಯಿತು.

"ಬಾ ನನ್ನ ಜೊತೆ" ಎಂದು ನನ್ನ ಕೈ ಹಿಡಿದು ರಸ್ತೆಗೆ ಎಳೆದುಕೊಂಡು ಹೋದರು. ಸಿಕ್ಕಿದ ಗಾಡಿ ಹತ್ತಿ ಗಂಡಸಿಯ ಎಸ್‌ಟಿಡಿ ಬೂತಿಗೆ ಹೋದೆವು. ದಾರಿಯಲ್ಲಿ ಮೆಲ್ಲಗೆ ಹೇಳಿದರು. ಅಂಟುವಾಳದ ಸತ್ವ ತೆಗೆದದ್ದು ತಾವು. ರೋಗಾಣು ಬೆಳೆಸಿ ಕೊಂದದ್ದು ಪಕ್ಕದ ವಿಭಾಗದ ಸಹೋದ್ಯೋಗಿ. ಸತ್ತಿದೆಯೋ ಇಲ್ಲವೋ ಎಂಬ ಪರೀಕ್ಷೆಯೂ ಆಗಿತ್ತು, ರೋಗಾಣು ಬೆಳೆಸುವ ಗಾಜಿನ ತಟ್ಟೆಗಳಲ್ಲಿ ಏನೂ ಬೆಳೆದಿರಲಿಲ್ಲ. "ಕಣ್ಣಾರೆ ನೋಡಿದ್ದೀನಿ ಕಣೇ. ಈಗ ನನ್ನ ಕಣ್ಣಿನ ಮೇಲೇ ನಂಬಿಕೆ ಇಲ್ಲ."

ಫೋನು ಹತ್ತಿತು. ಎತ್ತಿದ್ದು ಆ ಸಹೋದ್ಯೋಗಿಯ ವಿಭಾಗದ ಅಟೆಂಡರು. ಸಾಹೇಬರು ಮದುವೆಗೆ ಹೋಗಿದ್ದಾರೆ, ನಾಡಿದ್ದು ಬರುತ್ತಾರೆ.

"ಮದುವೆ ಮನೆಗೆ ಫೋನ್ ಮಾಡಿ ಕೇಳಿ! ರೋಗಾಣು ಸತ್ತಿದೆ ತಾನೇ ಅಂತ ಕೇಳಿ!"

"ಯಾರು ಸತ್ತವ್ರೆ ಮೇಡಂ?" ಅಟೆಂಡರು ಗಾಬರಿಯಾದ.

"ಯಾರೂ ಸತ್ತಿಲ್ಲ! ಸತ್ತಿದೆಯಾ ಅಂತ ಕೇಳ್ತಿರೋದು!"

"ಅಯ್ಯೋ, ಮದುವೆ ಮನೇಲಿ ಸಾವಿನ ಸುದ್ದಿ ಹ್ಯಾಗ್ ಹೇಳ್ಲಿ ಮೇಡಂ?" ಎಂದು ಅವನು ಫೋನಿಟ್ಟುಬಿಟ್ಟ! ಗಾಜಿನ ಬಾಗಿಲಿನಾಚೆ ಸರದಿಯಲ್ಲಿ ನಿಂತಿದ್ದವರು ನಮ್ಮನ್ನು ಕರುಣೆಯಿಂದ ನೋಡಿ ದಾರಿ ಬಿಟ್ಟರು. ಇನ್ನೊಂದು ದಿನವಾಗಿದ್ದರೆ ನಾನು ಅಲ್ಲೇ ನಕ್ಕುಬಿಡುತ್ತಿದ್ದೆ. ಅವತ್ತು ನಗು ಬರಲಿಲ್ಲ. ನನ್ನ ಕೈ ಹಿಡಿದಿದ್ದ ಅವರ ಕೈ ತಣ್ಣಗಿತ್ತು. ಮರ ಹತ್ತುವಾಗ, ದೊಣ್ಣೆಯ ಎದುರು, ಬಸ್ಸಿನಲ್ಲಿ, ಎಲ್ಲೂ ಹೆದರದ ಹೆಂಗಸು ಹೆದರಿದರೆ ಪಕ್ಕದಲ್ಲಿರುವವರ ಗತಿಯೇನು?

ಮನೆಗೆ ಬಂದರೆ ಕೆಂಪಿ ಮಲಗಿಬಿಟ್ಟಿತ್ತು. ಉಸಿರಿನಲ್ಲಿ ಗೊರಗೊರ ಸದ್ದು. ಅದರ ಕಡಸನ್ನು, ಇನ್ನೂ ಗಬ್ಬವಾಗದ ಹೆಣ್ಣುಕರು ಅದು, ದೂರದ ತೆಂಗಿನ ಮರಕ್ಕೆ ಕಟ್ಟಿದ್ದರು. ಅದು ಬಿಡದೆ ಅರಚುತ್ತಿತ್ತು. ಅತ್ತೆ ಕೆಂಪಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಬೆಳಗ್ಗೆಯಿಂದ ಒಂದು ಲೋಟ ನೀರು ಕುಡಿದಿರಲಿಲ್ಲ. ಮಗಳನ್ನು ಕಂಡದ್ದೇ ಸಿಡಿದರು.

"ಬಾರವ್ವ, ಬಾ. ಅಳತೆ ಮಾಡು ಬಾ. ಎಷ್ಟ್ ಇಂಚ್ ಊದೈತೆ ಅಂತ ಬರ್ಕೊ! ಮೂಕ ಪ್ರಾಣಿ, ಬ್ಯಾಡ ಅನ್ನಕ್ಕೆ ಬಾಯಿಲ್ಲ. ನಿನ್ ಓದಿಗೆ ಇದೇ ಸಿಕ್ತಾ?"

ನಾದಿನಿ ಕೆಂಪಿಯ ಬೆನ್ನಿನ ಕಡೆ ಕೂತು ಜ್ವರ ನೋಡಿದರು. ಮತ್ತೆ ನೋಡಿದರು. ಅಂಗಳದಲ್ಲಿ ಜನ ಬೀಡಿ ಸೇದುವುದನ್ನೂ ಬಿಟ್ಟು ನಿಂತಿದ್ದರು. ನಾನು ಕಾಫಿ ಮಾಡಿ ತಂದೆ. ಯಾರೂ ಮುಟ್ಟಲಿಲ್ಲ. ಕಾಫಿ ಬೇಡವೆಂದ ಜನರನ್ನು ನಮ್ಮ ಊರಿನಲ್ಲಿ ನಾನು ಕಂಡದ್ದು ಅವತ್ತೊಂದೇ ದಿನ.

ಬಿಸಿಲು ಇಳಿಯುವ ಹೊತ್ತಿಗೆ ಮೊಪೆಡ್ಡಿನ ಸದ್ದು. ಗಂಡನ ಹಿಂದೆ ಪಶುವೈದ್ಯರು, ಅಂಗಿಯ ತುಂಬ ಕೆಸರು. ಬಂದವರೇ ಕೂತು ಗಂಟಲು, ನಾಲಗೆ, ಕಣ್ಣು ನೋಡಿದರು. ಕಿವಿಯಿಂದ ಒಂದು ಹನಿ ರಕ್ತ ತೆಗೆದು ಗಾಜಿನ ಪಟ್ಟಿಗೆ ಸವರಿ ಪ್ರಯೋಗಾಲಯಕ್ಕೆ ಕಳಿಸಲು ಕಟ್ಟಿಟ್ಟರು. ಆಮೇಲೆ ನಾದಿನಿಯನ್ನು ಬಾವಿಯ ಕಡೆ ಕರೆದರು. ನಾನು ಕೊಡಪಾನ ಹಿಡಿದು ಹಿಂದೆಯೇ ಹೋದೆ. ನೀರು ಸೇದುವ ನೆಪ, ಇನ್ನೇನು!

"ಮೇಡಂ, ಲಸಿಕೆಯ ಊತ ಇರಬಹುದು. ಆ ಊರಿನಿಂದ ಬಂದ ಗಳಲೆಯೇ ಇರಬಹುದು. ರಕ್ತದ ವರದಿ ಬರೋದ್ರೊಳಗೆ ಗಳಲೆಯಾದ್ರೆ ಹಸು ಉಳಿಯಲ್ಲ. ಈಗ್ಲೇ ಔಷಧ ಕೊಡಬಹುದು."

"ಹೂಂ."

"ಕೊಟ್ಟು ಹಸು ಎದ್ದು ನಿಂತರೆ, ಅದು ತಾನಾಗಿ ಎದ್ದಿತೋ ಔಷಧದಿಂದ ಎದ್ದಿತೋ ಗೊತ್ತಾಗಲ್ಲ. ನಿಮ್ಮ ಲಸಿಕೆ ತಪ್ಪು ಮಾಡಿಲ್ಲ ಅಂತ ಸಾಬೀತು ಮಾಡೋಕಾಗಲ್ಲ. ಈ ಊರಲ್ಲಿ ಆಮೇಲೆ ಯಾರೂ ನಿಮಗೆ ದನ ಕೊಡಲ್ಲ. ನೀವು ಯೋಚನೆ ಮಾಡಿ..."

ನಾದಿನಿ ಯೋಚನೆ ಮಾಡಲಿಲ್ಲ. "ಕೊಡಿ."

"ಇಷ್ಟು ವರ್ಷದ ಕೆಲಸ ಮೇಡಂ."

"ಕೊಡಿ ಅಂದ್ನಲ್ಲ ಡಾಕ್ಟ್ರೇ! ನಮ್ಮವ್ವ ಬೆಳಗ್ಗಿಂದ ನೀರ್ ಕುಡ್ದಿಲ್ಲ!"

ಗಂಡಸಿಯ ಭಾಷೆ. ಆದರೆ ಅದರಲ್ಲಿ ಸಿಟ್ಟಿರಲಿಲ್ಲ.

ಔಷಧ ಕೊಟ್ಟದ್ದಾಯಿತು. ಬೆಳಗಾಗುವ ಹೊತ್ತಿಗೆ ಕೆಂಪಿ ಎದ್ದು ನಿಂತು ಮೆಲುಕು ಹಾಕುತ್ತಿತ್ತು! ಊತ ಅರ್ಧಕ್ಕೆ ಇಳಿದಿತ್ತು. ಅತ್ತೆ ಎರಡು ಲೋಟ ಕಾಫಿ ಕುಡಿದರು. ಮನೆಯೆಲ್ಲ ಮತ್ತೆ ಉಸಿರಾಡಿತು. ರಕ್ತದ ವರದಿ ಏನಾಯಿತು ಎನ್ನುತ್ತೀರಾ? ಆ ಗಾಜಿನ ಪಟ್ಟಿ ಬಸ್ಸಿನಲ್ಲಿ ಹೋಗುವಾಗ ದಾರಿಯಲ್ಲೇ ಪುಡಿಯಾಯಿತಂತೆ. ನಮ್ಮ ಕಡೆ ವಿಜ್ಞಾನ ಮುಂದುವರಿಯದೆ ಇರುವುದಕ್ಕೆ ಮೂಢನಂಬಿಕೆ ಕಾರಣವೆಂದು ಭಾಷಣ ಮಾಡುತ್ತಾರೆ. ಬಸ್ಸಿನ ಹಿಂದಿನ ಸೀಟು ಕಾರಣವೆಂದು ಯಾರಾದರೂ ಹೇಳಬೇಕು!

ವರದಿಗೆ ಕಾಯುವಷ್ಟು ತಾಳ್ಮೆ ಊರಿಗೂ ಇರಲಿಲ್ಲ. ಈರಣ್ಣ ಬಂದು ಕೆಂಪಿಯನ್ನು ನೋಡಿ, ಬೇಲಿಯ ಮೇಲೆ ಕೈಯಿಟ್ಟು ತೀರ್ಪು ಕೊಟ್ಟ. "ಅಕ್ಕ ರೋಗ ಕೊಟ್ಳು, ಡಾಕ್ಟ್ರು ತೆಗುದ್ರು. ನನ್ ಎತ್ತಿನ್ ಸುದ್ದಿಗ್ ಬರ್ಬ್ಯಾಡ ಕಣಕ್ಕ." ಅವನ ಮುಖದಲ್ಲಿ ದ್ವೇಷವಿರಲಿಲ್ಲ, ಸಂಕೋಚವಿತ್ತು. ಅದು ಇನ್ನೂ ಕಷ್ಟ.

ನಾದಿನಿ ಬಟ್ಟೆ ಮಡಿಸಿ ಚೀಲಕ್ಕೆ ತುಂಬಿದರು. ಬಚ್ಚಲಿನ ಬಾಟಲಿಗಳನ್ನು ತೊಳೆದು ಬೋರಲು ಹಾಕಿದರು. ನಾನು ಆ ಬಚ್ಚಲು ಖಾಲಿಯಾಗಲಿ ಎಂದು ಎಷ್ಟು ವರ್ಷ ಹರಕೆ ಹೊತ್ತಿದ್ದೆ! ಖಾಲಿ ಕಟ್ಟೆಯನ್ನು ನೋಡಿ ಸಂಕಟವಾಯಿತು.

"ಒಲೆ ಮೇಲೆ ನೀರಿಡು. ಫ್ರಿಜ್ಜಿನಲ್ಲಿ ಉಳಿದಿರೋ ಲಸಿಕೆನ ಕುದಿಸಿ ಚೆಲ್ಲಿಬಿಡೋಣ" ಎಂದರು.

ನಾನು ನೀರಿಟ್ಟೆ. ಅಷ್ಟರಲ್ಲಿ ಕೆಂಪಿಯನ್ನು ಮತ್ತೊಮ್ಮೆ ನೋಡಿಹೋಗಲು ಪಶುವೈದ್ಯರೂ ಬಂದರು. ಅವರಿಗೆ ಕುರ್ಚಿ ಹಾಕುತ್ತಿದ್ದಾಗ ಅಂಗಳದಲ್ಲಿ ಗೊರಸಿನ ಸದ್ದಾಯಿತು. ಅತ್ತೆ ಕಡಸಿನ ಹಗ್ಗ ಹಿಡಿದು ಬಾಗಿಲ ಮುಂದೆ ನಿಂತಿದ್ದರು.

"ಎಲ್ ಹೊಂಟೆ? ಇದುಕ್ಕೆ ಚುಚ್ಚು ಬಾ."

ನಾದಿನಿಗೆ ಅರ್ಥವಾಗಲಿಲ್ಲ. ನನಗೂ ಆಗಲಿಲ್ಲ.

"ನಿನ್ನೆ ಬಾವಿ ತಾವ ನೀವ್ ಆಡಿದ್ ಮಾತ್ನ ನನ್ ಸೊಸೆ ಹೇಳುದ್ಲು. ಕೆಂಪಿಗ್ ಔಷ್ದಿ ಕೊಟ್ಟು ನಿಂದು ಏನೋ ಕೆಡ್ತಂತಲ್ಲ. ಇದುಕ್ ಔಷ್ದಿ ಕೊಡೋದ್ ಬ್ಯಾಡ. ಚುಚ್ಚು, ನೋಡಾನ."

ಹೌದು, ನಾನೇ ಹೇಳಿದ್ದೆ. ರಾತ್ರಿ ಅತ್ತೆಗೆ ಊಟ ಮಾಡಿಸಲೆಂದು ಪಕ್ಕ ಕೂತಾಗ ಬಾಯಿ ತಡೆಯದೆ ಹೇಳಿಬಿಟ್ಟಿದ್ದೆ.

"ಅಮ್ಮ, ಬೇಡ. ಇದೂ ಊದ್ಕೊಂಡ್ರೆ? ಹೆಚ್ಚುಕಮ್ಮಿ ಆದ್ರೆ?"

"ಆದ್ರೆ ಇಬ್ರೂ ಕುಂತ್ಕಂಡು ಅಳಾನ. ನೀನೊಬ್ಳೇ ಬಸ್ನಲ್ ಅತ್ಕಂಡ್ ಹೋಗ್ಬ್ಯಾಡ."

ಮುಂದೆ ಏನಾಯಿತು ಎಂಬುದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ, ನಿಮ್ಮನ್ನೂ ನಮ್ಮಂತೆ ಕಾಯಿಸಬಾರದು. ಆ ಕಡಸಿಗೆ ಚುಚ್ಚಿದ ಜಾಗದಲ್ಲಿ ನಿಂಬೆಹಣ್ಣಿನಷ್ಟು ಊತ ಬಂದು, ತಾನಾಗಿ ಇಳಿದುಹೋಯಿತು. ಹುಲ್ಲು ತಿನ್ನುವುದನ್ನು ಒಂದು ಹೊತ್ತೂ ಬಿಡಲಿಲ್ಲ. ಈರಣ್ಣ ಬಹಳ ದಿನ ನೋಡಿ, ಕೊನೆಗೆ ಒಂದು ಎತ್ತನ್ನು ಮಾತ್ರ ಹಿಡಿದುಕೊಂಡು ಬಂದ. ಜೋಡಿಯಲ್ಲಿ ಇನ್ನೊಂದು ಇರಲಿ ಎಂದು! ನಾದಿನಿ ಅಂಟುವಾಳದ ಸತ್ವವನ್ನು ಕಡಿಮೆ ಮಾಡಿ, ಇನ್ನಷ್ಟು ಸೋಸಿ, ವರ್ಷಗಟ್ಟಲೆ ಅದರ ಹಿಂದೆಯೇ ಬಿದ್ದರು. ಆ ಲಸಿಕೆ ಅಂಗಡಿಗೆ ಬರಲೇ ಇಲ್ಲ. ಒಂದು ಮರದ ಕಾಯಿಯ ಸತ್ವ ಇನ್ನೊಂದು ಮರದ ಕಾಯಿಯದಕ್ಕೆ ಹೊಂದದೆ, ಎಷ್ಟು ಬೆರೆಸಬೇಕೆಂಬ ಅಳತೆ ನಿಲ್ಲಲಿಲ್ಲವಂತೆ. ಆದರೆ ಅವರ ಕೆಲಸವನ್ನು ಓದಿ ಅದರ ಮುಂದಿನದನ್ನು ಮಾಡಲು ಬೇರೆ ಬೇರೆ ಕಡೆಯವರು ಹೊರಟರು. ಅದೇ ಸಾಕು ಎಂದು ಅವರು ಒಮ್ಮೆ ನನಗೆ ಹೇಳಿದರು, ಬಾಟಲಿ ಕುಲುಕುತ್ತಲೇ.

ಆದರೆ ಆ ಬೆಳಗ್ಗೆ ಇದ್ಯಾವುದೂ ನಮಗೆ ಗೊತ್ತಿರಲಿಲ್ಲ. ಕುದಿಯುತ್ತಿದ್ದ ನೀರನ್ನು ನಾನು ಒಲೆಯಿಂದ ಇಳಿಸಿದೆ. ವೈದ್ಯರು ಕುರ್ಚಿಯಿಂದ ಎದ್ದು ನಿಂತರು. ನಾದಿನಿ ಸಿರಿಂಜಿಗೆ ಲಸಿಕೆ ಎಳೆದುಕೊಂಡು ಕಡಸಿನ ಪಕ್ಕ ಬಂದರು. ಕತ್ತಿನ ಚರ್ಮ ಹಿಡಿದೆತ್ತಿದರು. ಸೂಜಿಯನ್ನು ಹತ್ತಿರ ತಂದರು. ಕೈ ಹಿಂದಕ್ಕೆ ತೆಗೆದರು. ಸೆರಗಿನಲ್ಲಿ ಕಣ್ಣೊರೆಸಿಕೊಂಡು ಮತ್ತೆ ಹತ್ತಿರ ಹೋದರು. ಮತ್ತೆ ಹಿಂದಕ್ಕೆ ತೆಗೆದರು.

"ಏನಾಗಲ್ಲ ಕಣವ್ವ. ಏನಾಗಲ್ಲ. ಹೆದ್ರುಕೋಬ್ಯಾಡ" ಎಂದು ಅತ್ತೆ ಮೆಲುದನಿಯಲ್ಲಿ ಹೇಳುತ್ತ ಸವರತೊಡಗಿದರು. ಕಡಸನ್ನು ಸಮಾಧಾನ ಮಾಡುತ್ತಿದ್ದಾರೆಂದು ನಾನು ತಿಳಿದೆ. ಹತ್ತಿರ ಹೋಗಿ ನೋಡಿದೆ. ಕಡಸಿನ ಹಗ್ಗ ಅತ್ತೆಯ ಎಡಗೈಯಲ್ಲಿತ್ತು. ಬಲಗೈ ಮಗಳ ಬೆನ್ನ ಮೇಲಿತ್ತು.